ಅಜ್ಜಿಯ ಕಣ್ಣು ಕಲಿಸಿದ 'ಮಸ್ಟ್ ನಾಟ್'



ಈ ಸಲದ ಗೋಡೆ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಇಂಗ್ಲಿಷ್ ಮೇಡಂ ಹೇಳಿದಾಗ ನಾನು ಮೊದಲು ಪರಿಸರದ ಬಗ್ಗೆ ಬರೆಯೋಣ ಅಂದುಕೊಂಡೆ. ಆದರೆ ಹೋದ ತಿಂಗಳ ಪತ್ರಿಕೆಯಲ್ಲಿ ಇಬ್ಬರು ಪರಿಸರದ ಬಗ್ಗೆಯೇ ಬರೆದಿದ್ದರು. ಆಗ ಮೇಡಂ, "ನಿಮ್ಮ ಅಜ್ಜಿ ಕಣ್ಣಿನ ವಿಷಯ ಬರಿ. ಚಿಕ್ಕ ತರಗತಿಯವರಿಗೆ ಉಪಯೋಗ ಆಗುತ್ತೆ" ಅಂದರು. ನನಗೆ ನಾಚಿಕೆಯಾಯಿತು. ಯಾಕಂದ್ರೆ ಅದು ನಾನು ಮಾಡಿದ ತಪ್ಪಿನ ಕತೆ. ಇಷ್ಟು ದಿನ ನಮ್ಮ ಮನೆಯವರಿಗೆ ಮತ್ತು ಮೇಡಂಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಎರಡು ದಿನ ಯೋಚನೆ ಮಾಡಿ, ಆಮೇಲೆ ಒಪ್ಪಿಕೊಂಡೆ. ಓದಿ ಯಾರೂ ನಗಬೇಡಿ. ನಕ್ಕರೂ ಪರವಾಗಿಲ್ಲ, ಆದರೆ ಪೂರ್ತಿ ಓದಿ.

ನಮ್ಮ ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ. ಅಪ್ಪ ಓದುವ ಕಾಲಕ್ಕೆ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೇ ತರಗತಿಗೆ. ಅಪ್ಪ ಏಳಕ್ಕೆ ಶಾಲೆ ಬಿಟ್ಟರು. ಅಮ್ಮ ಅದಕ್ಕಿಂತ ಮೊದಲೇ ಬಿಟ್ಟಿದ್ದರು. ಅದಕ್ಕೇ ಗೊಬ್ಬರದ ಚೀಲದ ಮೇಲೆ ಏನಿದೆ, ಬ್ಯಾಂಕಿನಿಂದ ಮೊಬೈಲಿಗೆ ಏನು ಮೆಸೇಜು ಬಂದಿದೆ, ಔಷಧಿ ಬಾಟಲಿಯಲ್ಲಿ ಏನು ಬರೆದಿದೆ, ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ಪಕ್ಕದ ಮನೆಯವರೂ ಕರೆಯುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ಗೊತ್ತಿಲ್ಲದ ಪದ ಬಂದರೂ 'ಗೊತ್ತಿಲ್ಲ' ಅಂತ ನಾನು ಹೇಳುತ್ತಿರಲಿಲ್ಲ. ಅಕ್ಕಪಕ್ಕದ ಪದ ನೋಡಿ ಏನೋ ಒಂದು ಅರ್ಥ ಹೇಳಿಬಿಡುತ್ತಿದ್ದೆ.

ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಮುದ್ದೆ ಎಲ್ಲಿದೆ, ಸಾರು ಎಲ್ಲಿದೆ ಎಂದು ಕೈಯಲ್ಲೇ ತಡಕಿ ಊಟ ಮಾಡುತ್ತಿದ್ದರು. ಹಸುವಿನ ಹಗ್ಗ ಬಿಚ್ಚಲು ಹೋಗಿ ಎರಡು ಸಲ ಬಿದ್ದಿದ್ದರು. ಆಪರೇಷನ್ ಅಂದರೆ ಮಾತ್ರ ಅಜ್ಜಿಗೆ ಭಯ. ಹಿಂದೆ ಊರೂರಿಗೆ ಹೋಗಿ ಸಾವಿರಾರು ಜನರಿಗೆ ಕಣ್ಣಿನ ಆಪರೇಷನ್ ಮಾಡುತ್ತಿದ್ದ ಡಾ. ಎಂ. ಸಿ. ಮೋದಿಯವರ ಶಿಬಿರಗಳ ಸುದ್ದಿಯನ್ನು ಅಜ್ಜಿ ಚಿಕ್ಕಂದಿನಲ್ಲಿ ಕೇಳಿದ್ದರಂತೆ. ಬೀಳಗಿಯಲ್ಲಿ ಹುಟ್ಟಿದ ಈ ಮಹಾನುಭಾವರಿಗೆ 1968ರಲ್ಲಿ ಪದ್ಮಭೂಷಣ ಬಂದಿತ್ತು. 2005ರಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಆಪರೇಷನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಲವು ದಿನ ಅಲುಗಾಡದೆ ಮಲಗಬೇಕಿತ್ತು. ಆಮೇಲೆ ಸೋಡಾ ಬುಡ್ಡಿಯಂಥ ದಪ್ಪ ಕನ್ನಡಕ. ಅಜ್ಜಿಯ ತಲೆಯಲ್ಲಿ ಅದೇ ಕೂತಿತ್ತು. ಈಗ ಹಾಗಿಲ್ಲ. ಕಣ್ಣಿನಲ್ಲಿ ಕೆಲವೇ ಮಿಲಿಮೀಟರ್ ಗಾಯ ಮಾಡಿ, ಮಂಜಾದ ಮಸೂರ ತೆಗೆದು, ಆ ಜಾಗಕ್ಕೆ ಕೃತಕ ಮಸೂರ ಇಡುತ್ತಾರೆ. ಇಂಥ ಮಸೂರವನ್ನು ಮೊದಲು ಕಣ್ಣೊಳಗೆ ಇಟ್ಟವರು ಲಂಡನ್ನಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ, 1949ರಲ್ಲಿ. ಈಗ ಸಾಮಾನ್ಯವಾಗಿ ಅದೇ ದಿನವೋ ಮಾರನೇ ದಿನವೋ ಮನೆಗೆ ಕಳಿಸುತ್ತಾರೆ.

2024ರ ಮಾರ್ಚ್ 27ರಂದು ಅಜ್ಜಿಯ ಬಲಗಣ್ಣಿಗೆ ಆಪರೇಷನ್ ಆಯಿತು. ನಾನು ಆಗ ಎಂಟನೇ ತರಗತಿ. ಮಾರನೇ ದಿನ ಪಟ್ಟಿ ಬಿಚ್ಚಿಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು ಅಜ್ಜಿ ಮನೆಗೆ ಬಂದರು. ಸಂಜೆ ನನ್ನ ಮುಖ ಹತ್ತಿರ ಎಳೆದುಕೊಂಡು, "ಏನಮ್ಮಿ, ನಿನ್ ಮೂಗಿನ್ ಪಕ್ಕ ಮಚ್ಚೆ ಐತಲ್ಲ! ಇದು ಯಾವಾಗಿಂದ?" ಅಂದರು. ಆ ಮಚ್ಚೆ ನಾನು ಹುಟ್ಟಿದಾಗಿನಿಂದ ಇದೆ. ಅಮ್ಮ ನಗುತ್ತಾ ನಗುತ್ತಾ ಅತ್ತುಬಿಟ್ಟರು.

ಆಸ್ಪತ್ರೆಯಿಂದ ಬರುವಾಗ ಒಂದು ಹಾಳೆ ಕೊಟ್ಟಿದ್ದರು. ಕನ್ನಡದ ಹಾಳೆ ಮುಗಿದಿತ್ತಂತೆ, ಅದಕ್ಕೆ ಇಂಗ್ಲಿಷಿನದು ಕೊಟ್ಟರಂತೆ. ಸಿಸ್ಟರ್ ಬಾಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಹೇಳಿದ್ದರು. ಆದರೆ ಅಪ್ಪ ಆಗ ಮಾತ್ರೆ ತರಲು ಕೆಳಗೆ ಹೋಗಿದ್ದರು. ಅಜ್ಜಿ, "ಅವ್ರು ಹೇಳಿದ್ದು ಹತ್ತು, ನಂಗೆ ನೆಪ್ಪಿರಾದು ಎರಡು. ಮಗ ಓದ್ತಳೆ ಬುಡು" ಅಂದರು. ನಾನು ಹಾಳೆ ಹಿಡಿದುಕೊಂಡು ಜಗುಲಿ ಮೇಲೆ ಕೂತೆ. ಮನೆಯವರೆಲ್ಲ ಸುತ್ತ ಕೂತರು. ಅದರಲ್ಲಿ ಹೀಗಿತ್ತು.

'ಯು ಮಸ್ಟ್ ಯೂಸ್ ದ ಡ್ರಾಪ್ಸ್ ಸಿಕ್ಸ್ ಟೈಮ್ಸ್ ಎ ಡೇ.' ಇದು ಸುಲಭ. "ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕಬೇಕು" ಅಂದೆ.

'ಯು ಮಸ್ಟ್ ನಾಟ್ ರಬ್ ದ ಐ.' ಇದಕ್ಕೆ "ಕಣ್ಣು ಉಜ್ಜಬೇಕಾಗಿಲ್ಲ" ಅಂದೆ. ಅಜ್ಜಿ, "ಅದ್ಯಾಕೆ ಉಜ್ಜಲಿ" ಅಂದರು. ಅಲ್ಲಿಗೆ ಅದು ಮುಗಿಯಿತು.

'ಯು ಮಸ್ಟ್ ನಾಟ್ ಟೇಕ್ ಎ ಹೆಡ್ ಬಾತ್ ಫಾರ್ ಥರ್ಟಿ ಡೇಸ್.' ಇದಕ್ಕೆ "ಮೂವತ್ತು ದಿನ ತಲೆಗೆ ಸ್ನಾನ ಮಾಡಬೇಕಾಗಿಲ್ಲ" ಅಂದೆ.

'ಯು ನೀಡ್ ನಾಟ್ ಅವಾಯ್ಡ್ ಎನಿ ಫುಡ್.' ಇದರಲ್ಲಿ 'ಅವಾಯ್ಡ್' ನನಗೆ ಗೊತ್ತಿರಲಿಲ್ಲ. "ಊಟದ ಬಗ್ಗೆ ಏನೋ ಇದೆ, ಹುಷಾರಾಗಿರಬೇಕಂತೆ" ಅಂದೆ.

ಈಗ ನೀವೇ ನೋಡಿ, ನಾನು ಎಂಥ ಕೆಲಸ ಮಾಡಿದ್ದೆ ಅಂತ. ಬಿಡಲೇಬೇಕಾದದ್ದನ್ನು 'ಬೇಕಾದರೆ ಬಿಡಬಹುದು' ಎಂದು ಹೇಳಿದ್ದೆ. ಬಿಡುವ ಅಗತ್ಯವೇ ಇಲ್ಲದ್ದನ್ನು ಬಿಡುವಂತೆ ಮಾಡಿದ್ದೆ. ಅವತ್ತಿನಿಂದ ಅಜ್ಜಿ ಬದನೆಕಾಯಿ ಬಿಟ್ಟರು, ಮೀನು ಬಿಟ್ಟರು, ಬರೀ ಬೇಳೆಸಾರು ಅನ್ನ ತಿಂದುಕೊಂಡು ಪಥ್ಯ ಮಾಡಿದರು. ತಲೆಸ್ನಾನದ ವಿಷಯ ಮಾತ್ರ ಅವರ ಮನಸ್ಸಿನಲ್ಲಿ ಹಾಗೇ ಸಡಿಲವಾಗಿ ಉಳಿಯಿತು.

ನನ್ನ ತಪ್ಪು ಹೇಗಾಯಿತು ಅಂದರೆ, ಆರನೇ ತರಗತಿಯ ನೋಟ್ ಬುಕ್ಕಿನಲ್ಲಿ ನಾನು 'ಮಸ್ಟ್ ಅಂದರೆ ಬೇಕು' ಎಂದು ಬರೆದುಕೊಂಡಿದ್ದೆ. 'ನಾಟ್ ಅಂದರೆ ಇಲ್ಲ' ಎಂದೂ ಬರೆದುಕೊಂಡಿದ್ದೆ. ಎರಡೂ ಸರಿಯೇ. ಕೂಡುವ ಲೆಕ್ಕ ಮಾಡುವ ಹಾಗೆ ಎರಡನ್ನೂ ಕೂಡಿಸಿದೆ. ಬೇಕು, ಇಲ್ಲ, ಸೇರಿದರೆ ಬೇಕಿಲ್ಲ. ಲೆಕ್ಕ ಸರಿಯಾಗೇ ಇದೆ ಅನ್ನಿಸಿತು. ಆದರೆ ಭಾಷೆ ಕೂಡುವ ಲೆಕ್ಕ ಅಲ್ಲ ಅಂತ ಆಗ ನನಗೆ ಗೊತ್ತಿರಲಿಲ್ಲ.

ಒಂದು ವಾರ ಕಳೆದ ಮೇಲೆ ಅಪ್ಪ ಅಜ್ಜಿಯನ್ನು ಕರೆದುಕೊಂಡು ಹೋಗಿ ತೋರಿಸಿಕೊಂಡು ಬಂದರು. ಎಲ್ಲ ಚೆನ್ನಾಗಿದೆ ಅಂದಿದ್ದರಂತೆ. ಎಲ್ಲರಿಗೂ ಧೈರ್ಯ ಬಂತು.

ಏಪ್ರಿಲ್ 9, ಮಂಗಳವಾರ, ಯುಗಾದಿ. ನಮ್ಮ ಕಡೆ ಯುಗಾದಿ ಅಂದರೆ ಎಣ್ಣೆನೀರು ಆಗಲೇಬೇಕು. ಹರಳೆಣ್ಣೆ ಹಚ್ಚಿಕೊಂಡು, ಬಿಸಿನೀರು ಸುರಿದುಕೊಂಡು, ಸೀಗೆಪುಡಿ ಹಾಕಿ ತಲೆ ತೊಳೆದು, ಆಮೇಲೆ ಬೇವುಬೆಲ್ಲ. ಬೆಳಿಗ್ಗೆ ಅಮ್ಮ ಹಂಡೆಗೆ ಉರಿ ಹಾಕುತ್ತಿದ್ದರು. ಅಜ್ಜಿ ನನ್ನನ್ನು ಕರೆದರು.

"ಆ ಹಾಳೇಲಿ ಏನ್ ಬರ್ದವ್ರೆ, ಇನ್ನೊಂದ್ಸಲ ನೋಡಮ್ಮಿ."

ನಾನು ಹಾಳೆ ತರಲೂ ಹೋಗಲಿಲ್ಲ. ಬಾಯಿಪಾಠ ಬರುತ್ತಿತ್ತಲ್ಲ! "ಮೂವತ್ತು ದಿನ ತಲೆಗೆ ಸ್ನಾನ ಮಾಡಬೇಕಾಗಿಲ್ಲ ಅಂತ ಇದೆ ಅಜ್ಜಿ" ಅಂದೆ.

"ಬೇಕಾಗಿಲ್ಲ ಅಂದವ್ರೆ, ಬ್ಯಾಡ ಅಂದಿಲ್ವಲ್ಲ" ಅಂದರು ಅಜ್ಜಿ. "ವರ್ಷದ ಮೊದಲ್ನೇ ದಿನ ತಲೆಗೆ ನೀರಿಲ್ದೆ ದೇವ್ರ ಮುಂದೆ ಹೆಂಗ್ ನಿಲ್ಲಾದು?"

ಅಜ್ಜಿಯ ಕನ್ನಡ ಸರಿಯಾಗಿತ್ತು. 'ಬೇಕಾಗಿಲ್ಲ' ಅಂದರೆ ಮಾಡಿದರೂ ತಪ್ಪಿಲ್ಲ, ಬಿಟ್ಟರೂ ತಪ್ಪಿಲ್ಲ ಅಂತಲೇ ಅರ್ಥ. ತಪ್ಪಿದ್ದದ್ದು ನನ್ನ ಇಂಗ್ಲಿಷಿನಲ್ಲಿ. ಅಜ್ಜಿ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದರು. ಕಣ್ಣಿಗೆ ಬಟ್ಟೆ ಅಡ್ಡ ಹಿಡಿದುಕೊಂಡಿದ್ದರಂತೆ. ಆದರೂ ಸೀಗೆನೀರು ಇಳಿದಿದೆ.

ಸಂಜೆ ಹೊತ್ತಿಗೆ "ಕಣ್ಣಲ್ಲಿ ಮಣ್ ಬಿದ್ದಂಗೆ ಆಯ್ತದೆ" ಅಂದರು. ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ಎದ್ದಾಗ ಕಣ್ಣು ಕೆಂಡದ ಹಾಗೆ ಕೆಂಪಾಗಿತ್ತು. ನೀರು ಸುರಿಯುತ್ತಿತ್ತು. ನಾನು ಹತ್ತಿರ ಹೋಗಿ, "ಅಜ್ಜಿ, ನನ್ನ ಮಚ್ಚೆ ಕಾಣ್ತದಾ?" ಅಂತ ಕೇಳಿದೆ. "ಮಂಜ್ ಮಂಜಾಗೈತೆ ಕಣಮ್ಮಿ" ಅಂದರು. ನನ್ನ ಕೈಕಾಲು ತಣ್ಣಗಾಯಿತು.

ಅವತ್ತು ವರ್ಷತೊಡಕು. ಊರೆಲ್ಲ ಮಾಂಸದ ಅಡುಗೆಯ ಗಡಿಬಿಡಿಯಲ್ಲಿತ್ತು. ನಮ್ಮ ಮನೆಯಲ್ಲಿ ಒಲೆಯನ್ನೇ ಹಚ್ಚಲಿಲ್ಲ. ಅಪ್ಪ, ಅಜ್ಜಿ, ನಾನು ಮೊದಲನೇ ಬಸ್ಸಿಗೆ ಹೊರಟೆವು. ಬಸ್ಸಿನಲ್ಲಿ ಕಿಟಕಿ ಹಾಕಿ, ಧೂಳು ಬೀಳದಂತೆ ಅಜ್ಜಿಯ ಕಣ್ಣಿಗೆ ನನ್ನ ವೇಲನ್ನು ಅಡ್ಡ ಹಿಡಿದುಕೊಂಡಿದ್ದೆ.

ಡಾಕ್ಟರು ಯಂತ್ರದಲ್ಲಿ ಕಣ್ಣು ನೋಡಿದರು. "ತಲೆಗೆ ನೀರು ಹಾಕಿಕೊಂಡ್ರಾ?" ಅಂದರು. ಅಜ್ಜಿ ಸುಮ್ಮನಿದ್ದರು. ಡಾಕ್ಟರಿಗೆ ಸಿಟ್ಟು ಬಂತು. ಅಪ್ಪನ ಕೈಯಲ್ಲಿದ್ದ ಹಾಳೆ ತೆಗೆದುಕೊಂಡು, ಮೂರನೇ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲೇ ಬರೆದಿದೆಯಲ್ಲ, ಮಸ್ಟ್ ನಾಟ್ ಅಂತ! ಮಾಡಲೇಬಾರದು ಅಂತ ಅರ್ಥ. ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಅದರೊಳಗೆ ಕೊಳೆ ನೀರು ಹೋಗಿ ಸೋಂಕು ಆದರೆ ಕಣ್ಣೇ ಹೋಗುತ್ತೆ. ಮನೇಲಿ ಓದೋರು ಯಾರೂ ಇಲ್ವಾ?" ಅಂದರು.

ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಬಾಯಿ ತೆಗೆಯಬೇಕು ಅಂದುಕೊಂಡೆ. ಗಂಟಲು ಕಟ್ಟಿತು. ಅಷ್ಟರಲ್ಲಿ ಅಜ್ಜಿ ಹೇಳಿದರು:

"ಓದೋರು ಯಾರೂ ಇರ್ನಿಲ್ಲ ಸ್ವಾಮಿ. ನಾನೇ ಹಬ್ಬ ಅಂತ ಉಯ್ಕಂಬುಟ್ಟೆ."

ಓದೋರು ಯಾರೂ ಇರ್ನಿಲ್ಲ. ಪರೀಕ್ಷೆಯಲ್ಲಿ ಸೊನ್ನೆ ಬಂದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಅಜ್ಜಿ ನನ್ನನ್ನು ಉಳಿಸಲು ಹಾಗೆ ಹೇಳಿದ್ದರು. ಆದರೆ ಯೋಚನೆ ಮಾಡಿದರೆ ಅದು ನಿಜವೂ ಆಗಿತ್ತು. ಹಾಳೆ ಹಿಡಿದುಕೊಂಡವಳು ಒಬ್ಬಳಿದ್ದಳು, ಓದಿದವಳು ಯಾರೂ ಇರಲಿಲ್ಲ.

ದೇವರ ದಯೆ, ನಾವು ಸಮಯಕ್ಕೆ ಸರಿಯಾಗಿ ಹೋಗಿದ್ದೆವು. ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಅಂದರು ಡಾಕ್ಟರು. ಬೇರೆ ಡ್ರಾಪ್ಸ್ ಬರೆದುಕೊಟ್ಟರು. ಮೊದಲ ಮೂರು ದಿನ ಗಂಟೆಗೊಂದು ಸಲ ಹಾಕಬೇಕು, ಎರಡು ದಿನ ಬಿಟ್ಟು ಮತ್ತೆ ಬರಬೇಕು. ಡ್ರಾಪ್ಸ್ ಹಾಕುವ ಕೆಲಸ ನಾನೇ ತೆಗೆದುಕೊಂಡೆ. ಸೋಪು ಹಾಕಿ ಕೈ ತೊಳೆದುಕೊಳ್ಳುವುದು, ಬಾಟಲಿಯ ತುದಿ ಕಣ್ಣಿಗೂ ಬೆರಳಿಗೂ ತಗಲದ ಹಾಗೆ ಹಿಡಿಯುವುದು, ಕೆಳಗಿನ ರೆಪ್ಪೆ ಮೆಲ್ಲಗೆ ಎಳೆದು ಒಂದೇ ಹನಿ ಬಿಡುವುದು, ಒಂದು ಔಷಧಿಗೂ ಇನ್ನೊಂದಕ್ಕೂ ನಡುವೆ ಐದು ನಿಮಿಷ ಬಿಡುವುದು, ಎಲ್ಲ ಕಲಿತೆ. ರಾತ್ರಿಯೂ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದೆ.

ಎರಡನೇ ರಾತ್ರಿ ಡ್ರಾಪ್ಸ್ ಹಾಕುವಾಗ ತಡೆಯಲಾಗಲಿಲ್ಲ. "ಅಜ್ಜಿ, ನಾನೇ ತಪ್ಪು ಓದಿದ್ದು" ಅಂದೆ.

ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದರು: "ನಂಗೊತ್ತಿಲ್ವಾ? ಮನೇಲಿ ಓದಾದು ನೀನೊಬ್ಳೇ. ಅಷ್ಟು ಜನದ ಮುಂದೆ ನಿಂಗೆ ಬೈದುಬುಟ್ರೆ, ನಾಳಿಂದ ಓದಾಕೆ ಹೆದ್ರಿಕೊಂಡಿಯೇ. ಆದ್ರೆ ಒಂದ್ಮಾತು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಅದ್ರಲ್ಲಿ ಮರ್ಯಾದೆ ಹೋಗಾಕಿಲ್ಲ."

ಸುಮಾರು ಎರಡು ವಾರಕ್ಕೆ ಕೆಂಪು ಪೂರ್ತಿ ಹೋಯಿತು. ಒಂದು ದಿನ ಬೆಳಿಗ್ಗೆ ಅಜ್ಜಿ ನನ್ನ ನೋಡಿ ಮೂಗಿನ ಪಕ್ಕ ಬೆರಳಿಟ್ಟರು. ನಾನು ಹಿತ್ತಲಿಗೆ ಓಡಿಹೋಗಿ ಅತ್ತೆ.

ರಜೆ ಮುಗಿದು ಶಾಲೆ ಶುರುವಾದ ಮೇಲೆ ಮೇಡಂ ಹತ್ತಿರ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೈಯಲಿಲ್ಲ. "ನೀನೊಬ್ಬಳೇ ಅಲ್ಲ. ಜರ್ಮನ್ ಮಕ್ಕಳೂ ಇದೇ ತಪ್ಪು ಮಾಡ್ತಾರೆ" ಅಂದರು. ನನಗೆ ಆಶ್ಚರ್ಯವಾಯಿತು. ಜರ್ಮನ್ ಭಾಷೆಯಲ್ಲಿ 'ಮುಸ್' ಅಂತ ಒಂದು ಪದ ಇದೆಯಂತೆ. ಅದೂ ಇಂಗ್ಲಿಷಿನ 'ಮಸ್ಟ್' ಕೂಡ ಒಂದೇ ಮನೆತನದ ಪದಗಳು. ಆದರೆ ಜರ್ಮನ್ನಿನಲ್ಲಿ 'ಮುಸ್ ನಿಖ್ಟ್' ಅಂದರೆ 'ಬೇಕಾಗಿಲ್ಲ' ಅಂತ ಅರ್ಥ, 'ಕೂಡದು' ಅಂತ ಅಲ್ಲ. ಆದ್ದರಿಂದ ಆ ಮಕ್ಕಳು ಇಂಗ್ಲಿಷ್ ಕಲಿಯುವಾಗ ನನ್ನ ಹಾಗೆಯೇ ಎಡವುತ್ತಾರಂತೆ. ಎಲ್ಲೋ ಇರುವ ಆ ಮಕ್ಕಳೂ ನಾನೂ ಒಂದೇ ಕಲ್ಲಿಗೆ ಎಡವಿದ್ದೇವೆ ಅಂತ ಕೇಳಿ ಸ್ವಲ್ಪ ಸಮಾಧಾನವಾಯಿತು.

ಆಮೇಲೆ ಮೇಡಂ ಬೋರ್ಡಿನ ಮೇಲೆ ಬರೆದು ಹೇಳಿಕೊಟ್ಟದ್ದನ್ನು ಆರು, ಏಳು, ಎಂಟನೇ ತರಗತಿಯ ತಮ್ಮ ತಂಗಿಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಿಧಾನವಾಗಿ ಓದಿಕೊಳ್ಳಿ.

ಮೊದಲನೆಯದು. 'ಮಸ್ಟ್' ಅಂದರೆ 'ಮಾಡಲೇಬೇಕು'. 'ಐ ಮಸ್ಟ್ ಗೋ' ಅಂದರೆ ನಾನು ಹೋಗಲೇಬೇಕು. ಇದರ ಮುಂದೆ 'ಟು' ಬರುವುದಿಲ್ಲ. 'ಐ ಮಸ್ಟ್ ಟು ಗೋ' ತಪ್ಪು. 'ಹಿ', 'ಶಿ' ಬಂದರೂ 'ಮಸ್ಟ್'ಗೆ ಬಾಲ ಬೆಳೆಯುವುದಿಲ್ಲ. 'ಶಿ ಗೋಸ್' ಸರಿ, ಆದರೆ 'ಶಿ ಮಸ್ಟ್ಸ್' ಎಂಬ ಪದವೇ ಇಲ್ಲ. 'ಶಿ ಮಸ್ಟ್ ಗೋಸ್' ಕೂಡ ತಪ್ಪು. 'ಶಿ ಮಸ್ಟ್ ಗೋ' ಅಷ್ಟೇ.

ಎರಡನೆಯದು. ಕನ್ನಡದ ಎಲ್ಲ 'ಬೇಕು'ವೂ 'ಮಸ್ಟ್' ಅಲ್ಲ. 'ನನಗೆ ನೀರು ಬೇಕು' ಅನ್ನುವುದಕ್ಕೆ ನಮ್ಮ ತರಗತಿಯ ಒಬ್ಬ ಹುಡುಗ 'ಐ ಮಸ್ಟ್ ವಾಟರ್' ಅಂತ ಬರೆದಿದ್ದ. ಅದನ್ನು ಓದಿದವರಿಗೆ ಗಿಡಕ್ಕೆ ನೀರು ಹಾಕಬೇಕು ಅಂತಲೋ ಏನೋ ಅನ್ನಿಸುತ್ತದೆ. ವಸ್ತು ಬೇಕು ಅಂದರೆ 'ವಾಂಟ್'. ಕೆಲಸ ಮಾಡಲೇಬೇಕು ಅಂದರೆ 'ಮಸ್ಟ್'. ಮಾಡಿದರೆ ಒಳ್ಳೆಯದು ಅಂತ ಬುದ್ಧಿಮಾತು ಹೇಳುವುದಾದರೆ 'ಶುಡ್'.

ಮೂರನೆಯದು. ಇದು ನನಗೆ ಬಹಳ ಇಷ್ಟವಾಯಿತು. ಮಳೆ ಬರುವುದನ್ನು ನಾವು ನೋಡಿಲ್ಲ, ಆದರೆ ಅಂಗಳ ಒದ್ದೆಯಾಗಿದೆ. ಆಗ ನಾವು 'ಮಳೆ ಬಂದಿರಬೇಕು' ಅನ್ನುತ್ತೇವೆ. ಮಳೆಗೆ ಯಾರೂ ಅಪ್ಪಣೆ ಮಾಡಿಲ್ಲ. ಇದು ನಮ್ಮ ಊಹೆ. ಇಂಗ್ಲಿಷಿನಲ್ಲೂ ಹಾಗೆಯೇ, 'ಇಟ್ ಮಸ್ಟ್ ಹ್ಯಾವ್ ರೇನ್ಡ್' ಅನ್ನುತ್ತಾರೆ. 'ಅಜ್ಜಿಗೆ ಸುಸ್ತಾಗಿರಬೇಕು' ಅನ್ನುವುದಕ್ಕೆ 'ಗ್ರ್ಯಾಂಡ್‌ಮದರ್ ಮಸ್ಟ್ ಬಿ ಟಯರ್ಡ್'. ನಮ್ಮ 'ಬೇಕು' ಮಾಡುವ ಎರಡು ಕೆಲಸವನ್ನೂ ಅವರ 'ಮಸ್ಟ್' ಮಾಡುತ್ತದೆ. ಇಲ್ಲಿಯವರೆಗೆ ಎರಡೂ ಭಾಷೆ ಜೋಡೆತ್ತಿನ ಹಾಗೆ ಜೊತೆಯಲ್ಲೇ ನಡೆಯುತ್ತವೆ. ಆದ್ದರಿಂದಲೇ ಮುಂದೆಯೂ ಹಾಗೇ ಹೋಗುತ್ತವೆ ಅಂತ ನಾವು ನಂಬಿಬಿಡುತ್ತೇವೆ.

ನಾಲ್ಕನೆಯದು. ದಾರಿ ಕವಲೊಡೆಯುವುದು ಇಲ್ಲಿ. 'ನಾಟ್' ಸೇರಿದ ಕೂಡಲೇ 'ಮಸ್ಟ್' ಬಾಗಿಲು ಹಾಕಿ ಚಿಲಕ ಹಾಕುತ್ತದೆ. 'ಮಸ್ಟ್ ನಾಟ್' ಅಂದರೆ ಕೂಡದು, ಮಾಡಲೇಬಾರದು. 'ಬೇಕಾಗಿಲ್ಲ' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ಮಾತಿದೆ: 'ನೀಡ್ ನಾಟ್' ಅಥವಾ 'ಡೋಂಟ್ ಹ್ಯಾವ್ ಟು'. 'ಯು ಮಸ್ಟ್ ನಾಟ್ ಕಮ್' ಅಂದರೆ ನೀನು ಬರಕೂಡದು. 'ಯು ನೀಡ್ ನಾಟ್ ಕಮ್' ಅಂದರೆ ನೀನು ಬರಬೇಕಾಗಿಲ್ಲ, ಬಂದರೂ ಯಾರೂ ಬೈಯುವುದಿಲ್ಲ. ಯಾರಾದರೂ 'ಮಸ್ಟ್ ಐ ಕಮ್?' ಅಂತ ಕೇಳಿದರೆ, ಅಗತ್ಯವಿಲ್ಲ ಅನ್ನುವಾಗ 'ನೋ, ಯು ನೀಡ್ ನಾಟ್' ಅನ್ನಬೇಕು. 'ನೋ, ಯು ಮಸ್ಟ್ ನಾಟ್' ಅಂದುಬಿಟ್ಟರೆ ಅವರು ನಮ್ಮ ಮನೆ ಕಡೆ ತಲೆ ಹಾಕುವುದಿಲ್ಲ.

ಐದನೆಯದು. 'ನಿನ್ನೆ ಆಸ್ಪತ್ರೆಗೆ ಹೋಗಬೇಕಾಯಿತು' ಅನ್ನುವಾಗ 'ಮಸ್ಟ್' ಬರುವುದಿಲ್ಲ. 'ವಿ ಹ್ಯಾಡ್ ಟು ಗೋ' ಅನ್ನಬೇಕು. 'ನಾಳೆ ಹೋಗಬೇಕಾಗುತ್ತದೆ' ಅನ್ನುವುದಕ್ಕೆ 'ವಿ ವಿಲ್ ಹ್ಯಾವ್ ಟು ಗೋ'.

ಆರನೆಯದು ಉಚ್ಚಾರಣೆ. 'ಮಸ್ಟ್ ನಾಟ್' ಸೇರಿಸಿ ಚಿಕ್ಕದಾಗಿ ಹೇಳುವಾಗ ನಡುವಿನ 'ಟ' ಕೇಳಿಸುವುದಿಲ್ಲ. 'ಮಸಂಟ್' ಎಂದು ಕೇಳಿಸುತ್ತದೆ. ಬರೆಯುವಾಗ ಮಾತ್ರ ಆ ಅಕ್ಷರ ಬಿಡಬಾರದು.

ಇದನ್ನೆಲ್ಲ ಕೇಳಿದ ಮೇಲೆ ನನಗೆ ಒಂದು ಸಂಶಯ ಬಂತು. "ಮೇಡಂ, ನಮ್ಮಪ್ಪ ಸಿಟ್ಟಿನಲ್ಲಿ 'ನೀನೇನೂ ಹೇಳಬೇಕಾಗಿಲ್ಲ' ಅಂದರೆ ಬಾಯಿ ಮುಚ್ಚು ಅಂತಲೇ ಅರ್ಥ ಅಲ್ವಾ? ಅಲ್ಲಿ 'ಬೇಕಾಗಿಲ್ಲ' ಅನ್ನೋದು 'ಕೂಡದು' ಆಯ್ತಲ್ಲ?" ಅಂತ ಕೇಳಿದೆ. ಮೇಡಂ ಖುಷಿಪಟ್ಟರು. "ಸರಿಯಾಗಿ ಹಿಡಿದೆ. ಬಾಯಿಮಾತಿನಲ್ಲಿ ದನಿ ಇರುತ್ತೆ, ಮುಖ ಇರುತ್ತೆ, ಅರ್ಥ ಗೊತ್ತಾಗಿಬಿಡುತ್ತೆ. ಹಾಳೆಗೆ ದನಿ ಇಲ್ಲ, ಮುಖ ಇಲ್ಲ. ಅಲ್ಲಿ ಪದ ಒಂದೇ ಆಧಾರ. ಅದಕ್ಕೇ ಬರೆಯುವವರೂ ಓದುವವರೂ ಜೋಪಾನವಾಗಿರಬೇಕು" ಅಂದರು.

ಆವಾಗ ನನಗೆ ನಮ್ಮ ಕನ್ನಡದ ಮೇಲೂ ಅಭಿಮಾನ ಬಂತು. ಬೇಡ, ಬೇಕಿಲ್ಲ, ಬಾರದು, ಕೂಡದು, ಆಗದು... ಎಷ್ಟು ಬಗೆ ಇವೆ ನೋಡಿ! ದಿನಾ ಬಳಸುತ್ತೇವೆ, ಒಂದರ ಜಾಗದಲ್ಲಿ ಇನ್ನೊಂದನ್ನು ತಪ್ಪಿಯೂ ಹಾಕುವುದಿಲ್ಲ. 'ಬೆಂಕಿ ಮುಟ್ಟಬೇಕಾಗಿಲ್ಲ' ಅಂತ ಯಾವ ತಾಯಿಯೂ ಮಗುವಿಗೆ ಹೇಳುವುದಿಲ್ಲ. 'ಮುಟ್ಟಬಾರದು' ಅಂತಲೇ ಹೇಳುತ್ತಾಳೆ. ಅವತ್ತು ಜಗುಲಿ ಮೇಲೆ ಕೂತು 'ಕಣ್ಣು ಉಜ್ಜಬೇಕಾಗಿಲ್ಲ' ಅಂದಾಗಲೇ ನಾನು ಸ್ವಲ್ಪ ಯೋಚನೆ ಮಾಡಬೇಕಿತ್ತು. ಆಪರೇಷನ್ ಆದ ಕಣ್ಣಿನ ಬಗ್ಗೆ ಡಾಕ್ಟರು ಇಷ್ಟು ಸಡಿಲವಾಗಿ ಮಾತಾಡುತ್ತಾರಾ ಅಂತ ಕೇಳಿಕೊಂಡಿದ್ದರೆ ಸಾಕಿತ್ತು. ಇಂಗ್ಲಿಷ್ ಓದುವಾಗ ನಾನು ನನ್ನ ಕನ್ನಡದ ಬುದ್ಧಿಯನ್ನು ಮಡಚಿ ಪಕ್ಕಕ್ಕಿಟ್ಟಿದ್ದೆ. ಅದೇ ನನ್ನ ದೊಡ್ಡ ತಪ್ಪು.

ಅಜ್ಜಿಯ ಎಡಗಣ್ಣಿಗೆ 2024ರ ನವೆಂಬರಿನಲ್ಲಿ ಆಪರೇಷನ್ ಆಯಿತು. ಡಾಕ್ಟರು ಅಕ್ಟೋಬರ್ ಕೊನೆಗೆ ಬನ್ನಿ ಅಂದಿದ್ದರು. ಅಜ್ಜಿ ಒಪ್ಪಲಿಲ್ಲ. "ದೀಪಾವಳಿ ಎಣ್ಣೆನೀರು ಮುಗಿಸ್ಕೊಂಡೇ ಬತ್ತೀನಿ ಸ್ವಾಮಿ, ಆಮೇಲೆ ಒಂದ್ ತಿಂಗ್ಳು ಯಾವ್ ಹಬ್ಬಾನೂ ಇಲ್ಲ" ಅಂದರಂತೆ. ಡಾಕ್ಟರೂ ನಕ್ಕು ದಿನ ಮುಂದಕ್ಕೆ ಹಾಕಿದರು.

ಈ ಸಲ ಆಸ್ಪತ್ರೆಗೆ ನಾನೂ ಹೋಗಿದ್ದೆ. ಸಿಸ್ಟರ್ ಹೇಳುವಾಗ ಪಕ್ಕದಲ್ಲೇ ನಿಂತು ಒಂದೊಂದನ್ನೂ ಬರೆದುಕೊಂಡೆ. ಹಾಳೆ ಓದಿ, ನನಗೆ ಅರ್ಥವಾದದ್ದನ್ನು ಅವರಿಗೇ ಕನ್ನಡದಲ್ಲಿ ಹೇಳಿ ಸರಿಯಾ ಅಂತ ಕೇಳಿದೆ. ಗೊತ್ತಿಲ್ಲದ ಒಂದು ಪದಕ್ಕೆ "ಇದು ನನಗೆ ಗೊತ್ತಿಲ್ಲ ಸಿಸ್ಟರ್" ಅಂದೆ. ಅವರು ಬೇಜಾರಿಲ್ಲದೆ ಹೇಳಿಕೊಟ್ಟರು. ಅಜ್ಜಿ ಹೇಳಿದ್ದು ನಿಜ. ಮರ್ಯಾದೆ ಏನೂ ಹೋಗಲಿಲ್ಲ.

ಮನೆಗೆ ಬಂದು ಕ್ಯಾಲೆಂಡರಿನ ಹಿಂದಿನ ಬಿಳಿ ಪುಟದ ಮೇಲೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದು ಒಲೆಮನೆಯ ಗೋಡೆಗೆ ಅಂಟಿಸಿದೆ. ಒಂದು: 'ತಲೆಗೆ ನೀರು ಹಾಕಕೂಡದು, ಕಣ್ಣು ಉಜ್ಜಕೂಡದು, ಒಲೆ ಹೊಗೆಯ ಮುಂದೆ ಕೂರಕೂಡದು'. ಇನ್ನೊಂದು: 'ಊಟದ ಪಥ್ಯ ಬೇಕಾಗಿಲ್ಲ'. ಅಜ್ಜಿ ಆ ಮೂವತ್ತು ದಿನವೂ ಬದನೆಕಾಯಿ ಎಣ್ಣೆಗಾಯಿ ಮಾಡಿಸಿಕೊಂಡು ತಿಂದರು. ತಲೆಗೆ ಮಾತ್ರ ಒಂದು ತೊಟ್ಟು ನೀರು ಸೋಕಿಸಲಿಲ್ಲ. ಈಗ ಅಜ್ಜಿ ಅಕ್ಕಿಯಲ್ಲಿ ಕಲ್ಲು ತಾವೇ ಆರಿಸುತ್ತಾರೆ. ನಾನು ಓದುವಾಗ ಪಕ್ಕದಲ್ಲಿ ಕೂತು, "ಇದ್ರಲ್ಲಿ ಮಸ್ಟು ಎಲ್ಲೈತೆ ತೋರ್ಸು" ಅನ್ನುತ್ತಾರೆ.

ಮಿತ್ರರೇ, ನಮ್ಮ ಊರಿನಲ್ಲಿ ನನ್ನ ಹಾಗೆ ಮನೆಗೆ ಒಬ್ಬರೇ ಇಂಗ್ಲಿಷ್ ಓದುವವರು ಬಹಳ ಮಂದಿ ಇದ್ದೀರಿ. ಕ್ರಿಮಿನಾಶಕದ ಡಬ್ಬಿ, ಮಾತ್ರೆಯ ಚೀಟಿ, ಬ್ಯಾಂಕಿನ ಕಾಗದ ಎಲ್ಲ ನಿಮ್ಮ ಕೈಗೇ ಬರುತ್ತದೆ. ಪರೀಕ್ಷೆಯಲ್ಲಿ 'ಮಸ್ಟ್' ತಪ್ಪಾದರೆ ಅರ್ಧ ಅಂಕ ಹೋಗುತ್ತದೆ. ಹಾಳೆಯಲ್ಲಿ ತಪ್ಪಾದರೆ ಏನು ಹೋಗಬಹುದು ಅಂತ ನಾನು ನೋಡಿ ಬಂದಿದ್ದೇನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಮೇಡಂ ಹತ್ತಿರ ಬನ್ನಿ, ಲೈಬ್ರರಿಯಲ್ಲಿ ನಿಘಂಟು ಇದೆ, ಅದನ್ನು ನೋಡಿ. ಆತುರ ಬೇಡ.

ಕೊನೆಯಲ್ಲಿ ನಿಮಗೊಂದು ಸಣ್ಣ ಕೆಲಸ. ಕೆಳಗಿನ ಐದು ಮಾತನ್ನು ಇಂಗ್ಲಿಷಿನಲ್ಲಿ ಬರೆಯಿರಿ. 'ಮಸ್ಟ್', 'ಮಸ್ಟ್ ನಾಟ್', 'ನೀಡ್ ನಾಟ್', 'ಹ್ಯಾಡ್ ಟು' ಇವುಗಳಲ್ಲಿ ಯಾವುದು ಎಲ್ಲಿ ಬರುತ್ತದೆ ಯೋಚಿಸಿ.

1. ಕೆರೆಯ ಆಳದ ಕಡೆ ಈಜಬಾರದು.
2. ನಾಳೆ ಭಾನುವಾರ, ಶಾಲೆಗೆ ಬರಬೇಕಾಗಿಲ್ಲ.
3. ಊಟಕ್ಕೆ ಮೊದಲು ಕೈ ತೊಳೆಯಲೇಬೇಕು.
4. ನಿನ್ನೆ ಬಸ್ ಬರಲಿಲ್ಲ, ನಡೆದುಕೊಂಡು ಹೋಗಬೇಕಾಯಿತು.
5. ನಾಯಿ ಬೊಗಳುತ್ತಿದೆ, ಯಾರೋ ಬಂದಿರಬೇಕು.

ಉತ್ತರ ಬರೆದು ಹೆಸರು, ತರಗತಿ ಹಾಕಿ ಸ್ಟಾಫ್ ರೂಮಿನ ಬಾಗಿಲ ಪಕ್ಕದ ಡಬ್ಬಿಗೆ ಹಾಕಿ. ಐದನೆಯದನ್ನು ಸರಿಯಾಗಿ ಬರೆದವರಿಗೆ ನಮ್ಮ ಅಜ್ಜಿ ಕಡಲೆಕಾಯಿ ಮಿಠಾಯಿ ಕಳಿಸುತ್ತಾರಂತೆ. ತಪ್ಪಾದವರು ಹೆದರಬೇಕಾಗಿಲ್ಲ. ಆದರೆ ಬರೆಯದೆ ಮಾತ್ರ ಇರಕೂಡದು!

ಇಂತಿ ನಿಮ್ಮ ಅಕ್ಕ,
ಹತ್ತನೇ ತರಗತಿ, 'ಬಿ' ವಿಭಾಗ